ಇ.ಸಿ.ಯಲ್ಲಿರುವ ಹಳೆಯ ಕರಾರು: ತೆಗೆಸುವುದೋ, ರದ್ದು ಮಾಡಿಸುವುದೋ?

ಎಲ್ಲರಿಗೂ ನಮಸ್ಕಾರ. ಒಂದು ಅರ್ಜಿ ಬರೆದುಕೊಡಬೇಕಾಗಿದೆ, ಅದರ ವಿಷಯದ ಸಾಲಿನಲ್ಲೇ ಪೆನ್ನು ನಿಂತಿದೆ.

ನಮ್ಮ ಅತ್ತಿಗೆಯ ತವರಿನವರಿಗೆ ಬ್ರಹ್ಮಾವರದ ಹತ್ತಿರ 18 ಸೆಂಟ್ಸ್ ಜಾಗ ಇದೆ. 2009ರಲ್ಲಿ ಅದನ್ನು ಒಬ್ಬರಿಗೆ ಮಾರುವುದೆಂದು ಅಗ್ರಿಮೆಂಟ್ ಆಯಿತು, ರಿಜಿಸ್ಟರ್ ಕೂಡ ಆಯಿತು. ಸ್ವಲ್ಪ ಅಡ್ವಾನ್ಸ್ ಕೊಟ್ಟವರು ಆಮೇಲೆ ಈ ಕಡೆ ತಲೆಹಾಕಲಿಲ್ಲ. ಈಗ ಬೇರೆ ಪಾರ್ಟಿ ಬಂದಿದೆ, ಅವರ ಬ್ಯಾಂಕಿನ ವಕೀಲರು ಇ.ಸಿ. (ಜಾಗದ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ) ನೋಡಿ ‘ಇದನ್ನು ಮೊದಲು ತೆಗೆಸಿ’ ಅಂದರು. ದಸ್ತಾವೇಜು ಬರೆಯುವವರು ‘ರದ್ದು ಮಾಡಿಸಿ’ ಅನ್ನುತ್ತಾರೆ. ಮನೆಯ ದೊಡ್ಡಪ್ಪ ಮಾತ್ರ, ‘ಅದು ಎಂದೋ ಬಿದ್ದುಹೋದ ಕರಾರು, ಅದಕ್ಕೆಂಥ ರದ್ದು ಮಾರಾಯ್ರೆ?’

ಮೂರೂ ಒಂದೇ ಅಂತ ಸುಮ್ನೆ ಬರೆದುಬಿಡಬಹುದಿತ್ತು. ಆದರೆ ಅಲ್ಲ.

‘ತೆಗೆಸು’ ಅಂದರೆ ಆ ಸಾಲೇ ಮಾಯವಾಗುತ್ತದೆ ಅಂತ ಕೇಳಿದವರು ತಿಳಿಯುತ್ತಾರೆ. ನೋಂದಣಿ ಪುಸ್ತಕದಲ್ಲಿ ಹಾಗೆ ಏನೂ ಅಳಿಯುವುದಿಲ್ಲ. ಇಬ್ಬರೂ ಸಹಿ ಹಾಕಿ ರದ್ದು ಪತ್ರ ನೋಂದಾಯಿಸಿದರೆ ಅದಕ್ಕೊಂದು ಬೇರೆ ನಂಬರ್ ಬೀಳುತ್ತದೆ. ಇ.ಸಿ.ಯಲ್ಲಿ ಹಳೆಯ ಕರಾರೂ ಇರುತ್ತದೆ, ಅದರ ರದ್ದೂ ಇರುತ್ತದೆ. ಕೋರ್ಟಿಗೆ ಹೋದರೂ ಅಷ್ಟೇ: 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 31ನೇ ಕಲಂ ಪ್ರಕಾರ ಕೋರ್ಟು ನೋಂದಾಯಿತ ಪತ್ರವನ್ನು ರದ್ದು ಮಾಡಿದರೆ ಡಿಕ್ರಿಯ ಪ್ರತಿ ನೋಂದಣಿ ಕಚೇರಿಗೆ ಹೋಗುತ್ತದೆ, ಅಲ್ಲಿಯವರು ತಮ್ಮ ಪುಸ್ತಕದ ಪ್ರತಿಯ ಮೇಲೆ ‘ಇದು ರದ್ದಾಗಿದೆ’ ಎಂದು ಷರಾ ಬರೆಯುತ್ತಾರೆ. ಅಂದರೆ ತೆಗೆಯುವ ಕೆಲಸ ಅಲ್ಲ, ಸೇರಿಸುವ ಕೆಲಸ. ‘ತೆಗೆಸಿದ್ದೇವೆ’ ಅಂದುಕೊಂಡವರು ಹೊಸ ಇ.ಸಿ.ಯಲ್ಲೂ ಹಳೆಯ ಹೆಸರು ಕಂಡು ಗಾಬರಿಯಾಗುವುದು ಇದಕ್ಕೇ.

ದೊಡ್ಡಪ್ಪನ ಮಾತಲ್ಲೂ ಹುರುಳಿದೆ. ಕ್ರಯ ಮಾಡಿಕೊಡಿ ಎಂದು ದಾವೆ ಹೂಡಲು, ಕರಾರಿನಲ್ಲಿ ಹೇಳಿದ ತಾರೀಕಿನಿಂದ 3 ವರ್ಷ ಮಾತ್ರ ಅವಕಾಶ. ತಾರೀಕು ಹಾಕದಿದ್ದರೆ, ಎದುರಿನವರು ಆಗುವುದಿಲ್ಲ ಅಂದದ್ದು ಗೊತ್ತಾದ ದಿನದಿಂದ ಲೆಕ್ಕ. ನಮ್ಮ ಕಾಗದದಲ್ಲಿ ತಾರೀಕಿಲ್ಲ. ಯಾರು ಯಾವಾಗ ಆಗುವುದಿಲ್ಲ ಅಂದರು ಅಂತ ಸಬ್‌ರಿಜಿಸ್ಟ್ರಾರ್ ಕೂತು ತೀರ್ಮಾನಿಸುವ ಹಾಗಿಲ್ಲವಲ್ಲ! ಹಾಗಾಗಿ ‘ಬಿದ್ದುಹೋದ’ ಅನ್ನುವುದು ಚಾವಡಿಯಲ್ಲಿ ಸರಿ, ಕಚೇರಿಯಲ್ಲಿ ಸಾಲದು.

ಇನ್ನೊಂದು ತಮಾಷೆ ಇದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಂ ನೋಡಿದರೆ ಬರೀ ಕ್ರಯದ ಕರಾರಿನಿಂದ ಜಾಗದ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲ, ಯಾವ ಭಾರವೂ ಬೀಳುವುದಿಲ್ಲ. ಆದರೂ ಅದು ಕಾಣಿಸಿಕೊಳ್ಳುವುದು ‘ಋಣಭಾರ’ ಪತ್ರದಲ್ಲಿ. ಋಣವೂ ಇಲ್ಲ, ಭಾರವೂ ಇಲ್ಲ, ತಲೆನೋವು ಮಾತ್ರ ಜಾಸ್ತಿ.

ಈಗ ನನ್ನ ಪ್ರಶ್ನೆ. ಹಣ ಕೊಟ್ಟವರು ಸಿಕ್ಕಿ ಸಹಿ ಹಾಕಿದರೆ ‘ಕರಾರು ರದ್ದು ಪತ್ರ’ ಅನ್ನಬಹುದು, ಅದರಲ್ಲಿ ತಕರಾರಿಲ್ಲ. ಅದರೊಳಗೆ ಅಡ್ವಾನ್ಸಿಗೆ ‘ಮುಂಗಡ’ ಸಾಕು. ‘ಸಂಚಕಾರ’ ಹಳೆಯ ಒಳ್ಳೆಯ ಪದ, ಆದರೆ ‘ಸಂಚಕಾರ ವಾಪಸು ಪಡೆದಿದ್ದೇನೆ’ ಅಂದರೆ ಯಾರ ಜೀವಕ್ಕೆ ಏನಾಯಿತೋ ಅಂತ ಓದುವವರು ಹೆದರಿಯಾರು. ಅವರು ಸಿಗದಿದ್ದರೆ? ರದ್ದು ಅನ್ನಲು ರದ್ದು ಮಾಡುವವರು ಬೇಕು, ತಾನಾಗಿಯೇ ಸತ್ತ ಕರಾರಿಗೆ ಯಾವ ಪದ? ‘ಅನೂರ್ಜಿತ’ ಅಂದರೆ ಮೊದಲಿಂದಲೇ ಸಿಂಧುವಲ್ಲ ಅನ್ನುವ ಅರ್ಥವೂ ಬರುತ್ತದೆ, ಇದು ಹಾಗಲ್ಲ. ‘ತೀರುವಳಿ’ ಸಾಲಕ್ಕೆ, ಅಡವಿಗೆ ಸರಿ, ಇಲ್ಲಿ ಏನೂ ತೀರಿಲ್ಲ. ‘ವಾಯಿದೆ ಮೀರಿದ ಕರಾರು’ ನನಗೆ ಹತ್ತಿರ ಅನ್ನಿಸುತ್ತದೆ, ಆದರೆ ನಮ್ಮ ಕಾಗದದಲ್ಲಿ ವಾಯಿದೆಯೇ ಇಲ್ಲ, ಅಲ್ವಾ?

1956ಕ್ಕೆ ಮೊದಲು, ನಮ್ಮ ಜಿಲ್ಲೆ ಮದ್ರಾಸಿನ ಕೆಳಗಿದ್ದಾಗಿನ ಮಂಗಳೂರು, ಉಡುಪಿ ಕಡೆಯ ದಸ್ತಾವೇಜು ಯಾರ ಮನೆಯಲ್ಲಾದರೂ ಇದ್ದರೆ, ಇಂಥ ನಡೆಯದೆ ಉಳಿದ ಕರಾರಿಗೆ ಅದರಲ್ಲಿ ಏನು ಬರೆದಿದ್ದಾರೆ ನೋಡಿ ತಿಳಿಸುತ್ತೀರಾ? ಹೆಸರು, ಸರ್ವೆ ನಂಬರ್ ಬೇಡ, ಆ ಒಂದು ವಾಕ್ಯ ಸಾಕು.