ಎದುರಾಳಿ ಯೋಚಿಸುವಾಗ ನಮ್ಮ ಎಂಜಿನ್‌ನ ಹುಡುಕಾಟ: ಪಾಂಡರ್ ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ (ಕುವೆಂಪುನಗರ, ಮೈಸೂರು): ನಮ್ಮ ಚೆಸ್ ಎಂಜಿನ್ (ಚೆಸ್ ಆಡುವ ಪ್ರೋಗ್ರಾಂ) ಯುಸಿಐ (ಎಂಜಿನ್‌ಗೂ ಆಟ ನಡೆಸುವ ಇಂಟರ್‌ಫೇಸ್‌ಗೂ ನಡುವಿನ ಆಜ್ಞೆಗಳ ಭಾಷೆ) ಪ್ರಕಾರ ಚೆನ್ನಾಗಿ ಆಡುತ್ತೆ. ಪಾಂಡರ್ (ಎದುರಾಳಿಯ ನಡೆ ಊಹಿಸಿ ಅವರ ಸಮಯದಲ್ಲೂ ಹುಡುಕುವುದು) ಆನ್ ಮಾಡಿದರೆ ಮಾತ್ರ ಕೆಲವು ಸಲ ಟೈಮ್ ಮುಗಿದು ಸೋಲುತ್ತೆ, ಕೆಲವು ಸಲ ಆಡಲಾಗದ ನಡೆ ಕಳಿಸುತ್ತೆ. ಭಾನುವಾರ ಗೆಳೆಯರ ಎಂಜಿನ್ ಜೊತೆ ಪಂದ್ಯ ಇದೆ, ಎರಡೂ ಒಂದೇ 4 ಕೋರ್ ಲ್ಯಾಪ್‌ಟಾಪ್‌ನಲ್ಲಿ. ಏನು ನೋಡಬೇಕು?

ಸರಸ್ವತಿಪುರಂನಿಂದ: ಆಡಲಾಗದ ನಡೆಗೆ ಕಾರಣ ಸಾಮಾನ್ಯವಾಗಿ ಒಂದೇ ಸರ್, ಹಳೆಯ ಉತ್ತರ ಹೊಸ ಸ್ಥಾನಕ್ಕೆ ಹೋಗಿರುತ್ತೆ. ನಿಮ್ಮ ಎಂಜಿನ್ 'ಬೆಸ್ಟ್‌ಮೂವ್ ಇ2ಇ4 ಪಾಂಡರ್ ಇ7ಇ5' ಎಂದಿತು ಅನ್ನಿ, ಅಂದರೆ ತನ್ನ ನಡೆ ಇ2ಇ4, ಎದುರಾಳಿಯ ಉತ್ತರ ಇ7ಇ5 ಎಂಬ ಊಹೆ. ಇಂಟರ್‌ಫೇಸ್ ಆ ಎರಡೂ ನಡೆ ಸೇರಿಸಿದ ಸ್ಥಾನ ಕೊಟ್ಟು 'ಗೋ ಪಾಂಡರ್' (ಈ ಊಹೆಯ ಮೇಲೆ ಹುಡುಕು) ಕಳಿಸುತ್ತೆ. ಎದುರಾಳಿ ಇ5 ಆಡಿದರೆ 'ಪಾಂಡರ್‌ಹಿಟ್' ಬರುತ್ತೆ; ಹುಡುಕಾಟ ನಿಲ್ಲಿಸದೆ ಹಾಗೇ ಮುಂದುವರಿಸಿ. ಸಿ5 ಆಡಿದರೆ 'ಸ್ಟಾಪ್' ಬರುತ್ತೆ. ಆಗಲೂ ಒಂದು ಬೆಸ್ಟ್‌ಮೂವ್ ಕಳಿಸಲೇಬೇಕು, ಇಂಟರ್‌ಫೇಸ್ ಅದನ್ನು ಬಿಸಾಡಿ ಹೊಸ ಸ್ಥಾನ ಕೊಡುತ್ತೆ. ಒಂದು 'ಗೋ'ಗೆ ಒಂದೇ ಬೆಸ್ಟ್‌ಮೂವ್. ಎರಡು ಹೋದರೆ ಎರಡನೆಯದು ಸಿ5 ನಂತರದ ಸ್ಥಾನಕ್ಕೆ ಉತ್ತರ ಎಂದು ಲೆಕ್ಕವಾಗುತ್ತೆ. ಇನ್ನೊಂದು: ಮೇಟ್ ಸಿಕ್ಕಿತು, ಆಳದ ಮಿತಿ ಮುಟ್ಟಿತು ಎಂದು ಪಾಂಡರ್ ನಡುವೆಯೇ ಉತ್ತರ ಕಳಿಸಬೇಡಿ. ಹಿಟ್ ಅಥವಾ ಸ್ಟಾಪ್ ಬರುವವರೆಗೆ ಕಾಯಬೇಕು.

ಟೈಮ್ ಸೋಲಿಗೆ: ಆಜ್ಞೆ ಓದುವ ಥ್ರೆಡ್ (ಪ್ರೋಗ್ರಾಂನೊಳಗೆ ಏಕಕಾಲಕ್ಕೆ ಓಡುವ ಕೆಲಸದ ಎಳೆ) ಹುಡುಕಾಟದಿಂದ ಬೇರೆ ಇದೆಯಾ? ಪಾಂಡರ್ ನಡೆಯುತ್ತಿದೆಯೇ ಎಂದು ಹೇಳುವ ಫ್ಲ್ಯಾಗ್ ಅಟಾಮಿಕ್ (ಒಂದು ಥ್ರೆಡ್ ಬದಲಿಸಿದ್ದು ಇನ್ನೊಂದಕ್ಕೆ ಸರಿಯಾಗಿ ಕಾಣುವಂಥದ್ದು) ಆಗಿದೆಯಾ? ಇಲ್ಲದಿದ್ದರೆ ಹಿಟ್ ಬಂದದ್ದು ಹುಡುಕಾಟಕ್ಕೆ ಗೊತ್ತಾಗದೆ ಗಡಿಯಾರ ಓಡುತ್ತಲೇ ಇರುತ್ತೆ. ಪಾಂಡರ್‌ಹಿಟ್ ಜೊತೆ ಹೊಸ ಸಮಯ ಬರಲ್ಲ, 'ಗೋ ಪಾಂಡರ್' ಜೊತೆ ಬಂದದ್ದನ್ನೇ ಬಳಸಿ. ಅಷ್ಟರಲ್ಲಿ ನಿಮ್ಮ ಗಡಿಯಾರ ನಿಂತೇ ಇರುತ್ತಲ್ಲ. ಸ್ಟಾಕ್‌ಫಿಶ್ ಎಂಬ ಹೆಸರಾಂತ ಚೆಸ್ ಎಂಜಿನ್ ಮಾಡುವ ಉಪಾಯ ಒಳ್ಳೆಯದು: ಪಾಂಡರ್‌ನಲ್ಲೇ ನಿಗದಿತ ಸಮಯ ಕಳೆದಿದ್ದರೆ ಗುರುತು ಹಾಕಿಕೊಂಡು, ಹಿಟ್ ಬಂದ ತಕ್ಷಣ ಆಡಿಬಿಡುತ್ತೆ.

ಮಂಡ್ಯದಿಂದ: ಮೇಲಿನವರು ಹೇಳಿದ್ದು ಸರಿ ಕಣ್ರಿ. ಊಹೆ ತಪ್ಪಿದಾಗ ಹ್ಯಾಶ್ ಟೇಬಲ್ (ಹುಡುಕಿದ ಸ್ಥಾನಗಳ ಫಲಿತಾಂಶ ನೆನಪಿಡುವ ಪಟ್ಟಿ) ಅಳಿಸಬೇಡಿ, ಬೇರೆ ದಾರಿಯಿಂದ ಅದೇ ಸ್ಥಾನಗಳು ಮತ್ತೆ ಬರುತ್ತವೆ. ಮುಖ್ಯ ಸಾಲಿನಲ್ಲಿ (ಎಂಜಿನ್ ಅತ್ಯುತ್ತಮ ಎಂದುಕೊಂಡ ನಡೆಗಳ ಸರಣಿಯಲ್ಲಿ) ಒಂದೇ ನಡೆ ಉಳಿದಿದ್ದರೆ ಎದುರಾಳಿಯ ಉತ್ತರವನ್ನು ಹ್ಯಾಶ್‌ನಿಂದ ತೆಗೆಯಿರಿ, ಆಡಬಹುದಾದ ನಡೆಯೇ ಎಂದು ಪರೀಕ್ಷಿಸಿಯೇ ಕಳಿಸಿ. ಎದುರಾಳಿಯ ಎಲ್ಲ ನಡೆಗಳನ್ನೂ ಹುಡುಕುವ ಆಸೆ ಬೇಡ: ಆಟದ ಮಧ್ಯದಲ್ಲಿ 30ಕ್ಕೂ ಹೆಚ್ಚು ನಡೆ ಇರುತ್ತವೆ, ಶ್ರಮ ಹಂಚಿಹೋಗುತ್ತೆ. ಒಂದೇ ಊಹೆ ಅರ್ಧದಷ್ಟು ಸಲ ಸರಿಯಾದರೂ, ಇಬ್ಬರೂ ಸಮ ಸಮಯ ಬಳಸಿದರೆ, ಸರಾಸರಿ ಒಂದೂವರೆ ಪಟ್ಟು ಸಮಯ ಸಿಕ್ಕಂತೆ.

ಸರಸ್ವತಿಪುರಂನಿಂದ: ಲ್ಯಾಪ್‌ಟಾಪ್ ವಿಷಯ ಬಿಟ್ಟುಹೋಗಿತ್ತು. ಪಾಂಡರ್ ಇದ್ದರೆ ಎರಡು ಎಂಜಿನ್‌ಗಳೂ ಸದಾ ಓಡುತ್ತವೆ. ತಲಾ 4 ಥ್ರೆಡ್ ಕೊಟ್ಟರೆ 8 ಥ್ರೆಡ್ 4 ಕೋರ್‌ಗೆ ಕಿತ್ತಾಡಿ, ಸರದಿ ಇರುವವರ ವೇಗವೇ ಕುಸಿಯುತ್ತೆ. ತಲಾ 1 ಥ್ರೆಡ್ ಕೊಡಿ, ಚಾರ್ಜರ್ ಹಾಕಿರಲಿ. ಭಾನುವಾರಕ್ಕೆ ಮುಂಚೆ ಲಾಗ್ ತೆಗೆದು 'ಗೋ' ಎಷ್ಟು, ಬೆಸ್ಟ್‌ಮೂವ್ ಎಷ್ಟು ಎಂದು ಎಣಿಸಿ. ಲೆಕ್ಕ ಹೊಂದದ ಮೊದಲ ಜಾಗದಲ್ಲೇ ತಪ್ಪು ಹುಡುಕಿ.