ಉದ್ಯಮಕ್ಕಿಳಿಯುವ ಮೊದಲು ತರಬೇತಿಯೋ, ಕಸುಬು ಬಲ್ಲವರ ಮಾರ್ಗದರ್ಶನವೋ? ಅನುಭವಸ್ಥರು ತಿಳಿಸಿ

ಪ್ರಶ್ನೆ, ತೀರ್ಥಹಳ್ಳಿಯಿಂದ: ನನ್ನ ತಂಗಿ ಹಲಸಿನಕಾಯಿ ಚಿಪ್ಸ್ ಘಟಕ ಆರಂಭಿಸಬೇಕೆಂದಿದ್ದಾಳೆ. ಇಂದಿದ್ದ ಉತ್ಸಾಹ ನಾಳೆ ಇರುವುದಿಲ್ಲ. ಅವಳನ್ನು ತರಬೇತಿಗೆ ಕಳುಹಿಸಬೇಕೇ, ಅನುಭವಸ್ಥರೊಬ್ಬರ ಬಳಿ ಬಿಡಬೇಕೇ?

ಬೆಳ್ತಂಗಡಿಯಿಂದ: 1982ರಲ್ಲಿ ಆರಂಭವಾದ, ಸ್ವಉದ್ಯೋಗ ತರಬೇತಿ ಕೊಡುವ ಉಜಿರೆಯ ರುಡ್‌ಸೆಟ್ ಸಂಸ್ಥೆಯಲ್ಲಿ ನಾನು ಹೊಲಿಗೆ ಕಲಿತೆ. ನಾವು ಎಷ್ಟು ಸಾಹಸಕ್ಕೆ ಕೈಹಾಕುತ್ತೇವೆಂದು ನೋಡಲು ಅಲ್ಲಿ ಗೂಟಕ್ಕೆ ರಿಂಗ್ ಎಸೆಯುವ ಆಟ ಆಡಿಸಿದರು. ಗೂಟದಿಂದ ಎಷ್ಟು ದೂರ ನಿಲ್ಲಬೇಕೆಂಬುದು ನಮ್ಮ ಆಯ್ಕೆ, ದೂರ ಹೆಚ್ಚಿದಷ್ಟೂ ಅಂಕ ಹೆಚ್ಚು. ನಾನು ಗೂಟದ ಪಕ್ಕದಲ್ಲೇ ನಿಂತೆ. ಶಿಕ್ಷಕಿ ಬೈಯಲಿಲ್ಲ, "ಇಷ್ಟು ಹತ್ತಿರ ಏಕೆ ನಿಂತಿರಿ?" ಎಂದಷ್ಟೇ ಕೇಳಿದರು. ಮನೆಯ ಜಗಲಿ ಬಿಟ್ಟು ತಿಂಗಳಿಗೆ 2,500 ರೂಪಾಯಿ ಬಾಡಿಗೆಯ ಅಂಗಡಿಗೆ ಹೋಗುವ ಧೈರ್ಯ ನನಗೆ ಬಂದದ್ದು ಆ ಪ್ರಶ್ನೆಯಿಂದಲೇ.

ಹಾವೇರಿಯಿಂದ: ನಾನು ಕಲಿತ ಕೇಂದ್ರ ಬೇರೆ. ಅಲ್ಲಿ ಮೂವತ್ತು ಮಂದಿಗೂ ಒಂದೇ ಯೋಜನಾ ವರದಿ ಕೊಟ್ಟು ಹೆಸರು ಮಾತ್ರ ಬದಲಿಸಿದರು. ನನ್ನದು ಪಿಎಂಇಜಿಪಿ ಎಂಬ ಕೇಂದ್ರ ಸರ್ಕಾರದ ಸಾಲ-ಸಹಾಯಧನ ಯೋಜನೆಯಡಿ 8 ಲಕ್ಷದ ರೊಟ್ಟಿ ಘಟಕ. ಕೈಯಿಂದ 80,000 ಹಾಕಿದೆ. ಸಹಾಯಧನದ 2 ಲಕ್ಷ ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿರುತ್ತದೆ, ಕೈಗೆ ಬರುವುದಿಲ್ಲ ಎಂಬುದನ್ನು ಯಾರೂ ಹೇಳಲಿಲ್ಲ. ಅದನ್ನೇ ನಂಬಿ ಜೋಳ ತಂದು ಸಾಲಗಾರನಾದೆ. ಮೂರು ಫೇಸ್ ವಿದ್ಯುತ್ ಬರುವವರೆಗೆ ಯಂತ್ರ ಏಳು ತಿಂಗಳು ಸುಮ್ಮನೆ ನಿಂತಿತ್ತು. ನನ್ನನ್ನು ಉಳಿಸಿದವರು ಕಿರಾಣಿ ಅಂಗಡಿಯ ಯಜಮಾನರು. ಪೇಟೆಯಲ್ಲಿ ಇಬ್ಬರೇ ಇರುವ ಮನೆಗಳು ಹೆಚ್ಚು, ಹತ್ತು ರೊಟ್ಟಿಯ ಕಟ್ಟಿನ ಬದಲು ಐದರದು ಮಾಡು ಎಂದು ಅವರು ಹೇಳಿದ ಮೇಲೆ ನಾನೂ ಯೋಚಿಸತೊಡಗಿದೆ. ಕಟ್ಟಿನೊಳಗೆ ಶೇಂಗಾ ಚಟ್ನಿಯ ಪೊಟ್ಟಣ ಇಟ್ಟದ್ದು ನನ್ನದೇ ಆಲೋಚನೆ.

ಬೆಳ್ತಂಗಡಿಯಿಂದ: ಅಣ್ಣಾ, ವರದಿಯನ್ನು ಓದದೆ ಸಹಿ ಹಾಕಿದ್ದು ಯಾರ ತಪ್ಪು? ನಮ್ಮವರು ತರಬೇತಿ ಮುಗಿದ ಮೇಲೂ ಎರಡು ವರ್ಷ ವಿಚಾರಿಸುತ್ತಲೇ ಇದ್ದರು.

ಹಾವೇರಿಯಿಂದ: ಅಕ್ಕಾ, ಆಗ ನನಗೆ ಇಪ್ಪತ್ಮೂರು ವರ್ಷ. ಗುರುಗಳು ಕೊಟ್ಟ ಕಾಗದವೆಂದು ನಂಬಿದ್ದೆ. ಆ ನಂಬಿಕೆಯನ್ನು ತಪ್ಪೆನ್ನಬೇಡಿ.

ಮೈಸೂರಿನಿಂದ: ಇಬ್ಬರೂ ಕಲಿತವರ ಕಡೆಯಿಂದ ಹೇಳಿದಿರಿ, ನಾನು ಕಲಿಸಿದವನು. ಅಡಿಕೆ ಹಾಳೆಯಲ್ಲಿ ಚಮಚ ಮಾಡುತ್ತೇನೆಂದು ಬಂದ ವಿದ್ಯಾರ್ಥಿಗೆ ಅದು ಬಾಳಿಕೆ ಬಾರದು, ತಟ್ಟೆಯನ್ನೇ ಮಾಡು ಎಂದು ಎಲ್ಲರೆದುರು ಹೇಳಿಬಿಟ್ಟೆ. ಅವನು ಮತ್ತೆ ನನ್ನ ಬಳಿ ಯಾವ ಆಲೋಚನೆಯನ್ನೂ ತರಲಿಲ್ಲ. ಈಗ ನಾನು ಮೊದಲು ಮಾದರಿ ಮಾಡಿ ತರಲು ಹೇಳುತ್ತೇನೆ, ಆಮೇಲೆ ಮೊದಲ ಹತ್ತು ಗಿರಾಕಿಗಳು ಯಾರೆಂದು ಕೇಳುತ್ತೇನೆ.

ಹಾವೇರಿಯಿಂದ: ಗುರುಗಳೇ, ಆ ಹುಡುಗನನ್ನು ನೀವೇ ಹುಡುಕಿಕೊಂಡು ಹೋಗಬಹುದಿತ್ತಲ್ಲವೇ?

ಮೈಸೂರಿನಿಂದ: ಹೋಗಿದ್ದೆ. ಅವನು ಚಹಾ ಕೊಟ್ಟನು, ಚಮಚದ ಮಾತೆತ್ತಲಿಲ್ಲ.