ಗ್ಲಿಸರಿನ್ ಬಗ್ಗೆ ಕೇಳಿ: ತುಮಕೂರು ಗುಂಪಿನಲ್ಲಿ ಫಾರ್ಮಸಿಸ್ಟ್ ಉತ್ತರ

ಗುಬ್ಬಿ ಸದಸ್ಯೆ: ಸರ್, ಚಳಿಗೆ ಹಿಮ್ಮಡಿ ಒಡೆದಿದೆ. ಗ್ಲಿಸರಿನ್ ಹಾಗೇ ಹಚ್ಚಬಹುದಾ?

ಫಾರ್ಮಸಿಸ್ಟ್: ಹಾಗೇ ಬೇಡ. ಅದು ನೀರು ಎಳೆಯುವ ವಸ್ತು. ಗಾಳಿ ಒಣಗಿದ್ದರೆ ಚರ್ಮದ ಒಳಗಿನ ನೀರನ್ನೇ ಎಳೆಯುತ್ತದೆ. ಒಂದು ಪಾಲಿಗೆ ಮೂರು ಪಾಲು ನೀರು ಬೆರೆಸಿ, ಸ್ನಾನವಾದ ಕೂಡಲೇ ಹಚ್ಚಿ. ಮೇಲೆ ಎರಡು ಹನಿ ಕೊಬ್ಬರಿ ಎಣ್ಣೆ ಸವರಿ.

ಶಿರಾ ಸದಸ್ಯ: ನಿಂಬೆರಸ, ಗ್ಲಿಸರಿನ್ ಹಚ್ಚಿದರೆ 7 ದಿನದಲ್ಲಿ ಬೆಳ್ಳಗಾಗ್ತಾರೆ ಅಂತ ಮೆಸೇಜ್ ಬಂದಿದೆ.

ಫಾರ್ಮಸಿಸ್ಟ್: ಆಗಲ್ಲ. ನಿಂಬೆ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟ ಹಾಗೆ ಕಲೆ ಬೀಳಬಹುದು. ದಯವಿಟ್ಟು ಫಾರ್ವರ್ಡ್ ಮಾಡಬೇಡಿ.

ತಿಪಟೂರು ಸದಸ್ಯೆ: ಸರ್, ಮಗಳಿಗೆ 2 ವರ್ಷ, ಬಾಯಿಹುಣ್ಣು. ನಾವು ಮನೆಯಲ್ಲಿ ಕೊಬ್ಬರಿ ಎಣ್ಣೆ ಸೋಪು ಮಾಡ್ತೀವಿ. ಅದಕ್ಕೆ ತಂದ ಕ್ಯಾನಿನ ಗ್ಲಿಸರಿನ್ನನ್ನೇ ಅತ್ತೆ ಮೂರು ದಿನದಿಂದ ಬೆರಳಲ್ಲಿ ನೆಕ್ಕಿಸ್ತಿದ್ದಾರೆ. ಪರವಾಗಿಲ್ವಾ?

ಫಾರ್ಮಸಿಸ್ಟ್: ಅಮ್ಮಾ, ಈಗಲೇ ನಿಲ್ಲಿಸಿ. ಕ್ಯಾನಿನ ಮೇಲೆ ‘ಐ.ಪಿ.’ ಅಂತ, ಅಂದ್ರೆ ಔಷಧಿ ಗುಣಮಟ್ಟದ (ಇಂಡಿಯನ್ ಫಾರ್ಮಕೋಪಿಯಾ) ಗುರುತು, ಇದೆಯಾ ನೋಡಿ. ಔಷಧಿಗೆ ಬಳಸುವ ಗ್ಲಿಸರಿನ್ ಪರೀಕ್ಷೆಯಾಗಿ ಬಂದಿರಬೇಕು. ಸೋಪಿನದಕ್ಕೆ ಆ ಖಾತ್ರಿ ಇಲ್ಲ. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಅನ್ನೋ ವಿಷ ಬೆರೆತಿದ್ದರೆ ಕಣ್ಣಿಗೂ ಗೊತ್ತಾಗಲ್ಲ, ನಾಲಿಗೆಗೂ ಗೊತ್ತಾಗಲ್ಲ. ಅದಕ್ಕೂ ಬಣ್ಣವಿಲ್ಲ, ಅದೂ ಸಿಹಿ. ಕಿಡ್ನಿ ಕೆಡಿಸುತ್ತದೆ. 1986ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಇಂಥ ಗ್ಲಿಸರಿನ್ನಿಂದ 14 ಜನ ತೀರಿಕೊಂಡರು. ನಿಮ್ಮ ಕ್ಯಾನಿನಲ್ಲಿ ಅದಿದೆ ಅಂತ ಹೇಳ್ತಿಲ್ಲ. ಇಲ್ಲ ಅಂತ ಹೇಳೋದಕ್ಕೂ ಆಗಲ್ಲ. ಮಗು ಸರಿಯಾಗಿ ಉಚ್ಚೆ ಹೊಯ್ತಿದೆಯಾ? ವಾಂತಿ, ಮಂಪರು ಇದೆಯಾ?

ಕುಣಿಗಲ್ ಸದಸ್ಯ: ಗ್ಲಿಸರಿನ್ ಅಂದ್ರೆ ಪ್ರಾಣಿ ಕೊಬ್ಬು. ಮನೆಗೇ ತರಬಾರದು.

ಗುಬ್ಬಿ ಸದಸ್ಯೆ: ಯಾವ ಎಣ್ಣೆಗೆ ಕಾಸ್ಟಿಕ್ ಹಾಕಿದರೂ ಸೋಪಿನ ಜೊತೆ ಗ್ಲಿಸರಿನ್ನೂ ಹುಟ್ಟುತ್ತೆ. ಕೊಬ್ಬರಿ ಎಣ್ಣೆಯಿಂದಲೂ ಬರುತ್ತೆ. ತಿಳಿಯದೆ ಮಾತಾಡಬೇಡಿ.

ಕುಣಿಗಲ್ ಸದಸ್ಯ: ನೀವೇನು ಕೆಮಿಸ್ಟ್ರಿ ಮೇಡಮ್ಮಾ?

ಗುಬ್ಬಿ ಸದಸ್ಯೆ: ಹೌದು, ಹೈಸ್ಕೂಲಲ್ಲಿ 11 ವರ್ಷದಿಂದ.

ಫಾರ್ಮಸಿಸ್ಟ್: ಎರಡರಿಂದಲೂ ತೆಗೀತಾರೆ. ಜಗಳ ಬೇರೆ ಕಡೆ ಇಟ್ಕೊಳ್ಳಿ. ತಿಪಟೂರಿನವರು ಎಲ್ಲಿ?

ಶಿರಾ ಸದಸ್ಯ: ಸರ್, ನಿಂಬೆ ಬದಲು ಟೊಮೆಟೊ ಹಾಕಬಹುದಾ?

ಫಾರ್ಮಸಿಸ್ಟ್: ಮೇಲೆ ಹೇಳಿದ್ದೀನಿ.

ತಿಪಟೂರು ಸದಸ್ಯೆ: ಬೆಳಿಗ್ಗೆಯಿಂದ ಒಂದೇ ಸಲ ಹೊಯ್ದಿದ್ದಾಳೆ. ಕ್ಯಾನಿನ ಮೇಲೆ ಏನೂ ಇಲ್ಲ, ಬರೀ ಪೆನ್ನಲ್ಲಿ ರೇಟು.

ಫಾರ್ಮಸಿಸ್ಟ್: ಕಾಯಬೇಡಿ, ಈಗಲೇ ಮಕ್ಕಳ ಡಾಕ್ಟರಿರುವ ಆಸ್ಪತ್ರೆಗೆ ಹೊರಡಿ. ಕ್ಯಾನನ್ನೂ ತಗೊಂಡು ಹೋಗಿ. ಅತ್ತೆಯನ್ನೂ ಕರ್ಕೊಂಡು ಹೋಗಿ. ಅವರನ್ನು ಬೈಯಬೇಡಿ. ದಿನಕ್ಕೆ ಎಷ್ಟು ಸಲ, ಎಷ್ಟು ನೆಕ್ಕಿಸಿದರು ಅನ್ನೋದು ಅವರಿಗೇ ಗೊತ್ತು.

ಮಧುಗಿರಿ ಸದಸ್ಯೆ: ಗ್ಲಿಸರಿನ್ ಸೋಪು ಮುಖಕ್ಕೆ ಒಳ್ಳೆಯದಾ ಸರ್?

ತಿಪಟೂರು ಸದಸ್ಯೆ: ಆಟೋ ಹತ್ತಿದೆವು ಸರ್. ಅತ್ತೆಯೂ ಬಂದಿದ್ದಾರೆ. ಕ್ಯಾನು ಅವರ ತೊಡೆ ಮೇಲಿದೆ.